ವೀರಭದ್ರಮ್ಮ ಒರೆಸಿದ ಮೂರು ಬೆರಳು

ಆ ಊರಿನ ಹೆಸರೊಂದನ್ನು ಮಾತ್ರ ಕೇಳಬೇಡಿ. ಹೇಳಿದರೆ ಬರುವ ಸೋಮವಾರವೇ ತೆಂಗಿನಕಾಯಿ ಹಿಡಿದು ಬಸ್ಸು ಹತ್ತುತ್ತೀರಿ, ವೀರಭದ್ರಮ್ಮನ ಕೆಲಸ ಮತ್ತೆ ಕೆಡುತ್ತದೆ. ಬಳಗಾನೂರಿನಿಂದ ಮಸ್ಕಿಯ ಕಡೆಗೆ ಬರುವಾಗ ಕಾಲುವೆ ಸಣ್ಣದಾಗುತ್ತ ಆಗುತ್ತ ಚರಂಡಿಯಷ್ಟಾಗಿ, ಇನ್ನು ನನ್ನ ಕೈಲಾಗದು ಎಂದು ಕೂತುಬಿಡುವ ಜಾಗವಿದೆಯಲ್ಲ, ಅಲ್ಲಿಯದೊಂದು ಊರು ಎಂದುಕೊಳ್ಳಿ. ಆಚೆ ಭತ್ತ, ಈಚೆ ಜೋಳ, ತೊಗರಿ. ನಡುವೆ ಗುಂಡುಕಲ್ಲುಗಳ ಒಂದು ಬಯಲು.

ವೀರಭದ್ರಮ್ಮ ಹುಟ್ಟಿದ್ದು ಲಿಂಗಸುಗೂರಿನ ಕಡೆ, ಮಳೆ ನಂಬಿದ ಮನೆಯಲ್ಲಿ. ಮದುವೆಯಾಗಿ ಬಂದದ್ದು ಈ ಕಾಲುವೆಯ ಬಾಲಕ್ಕೆ. ಮಗಳನ್ನು ನೀರಾವರಿ ಮನೆಗೆ ಕೊಟ್ಟೆವೆಂದು ತವರಿನವರು ಬೀಗಿದ್ದೇ ಬೀಗಿದ್ದು. ನೀರಾವರಿಯೇನೋ ಹೌದು, ನೀರು ಮಾತ್ರ ತನಗೆ ಮನಸ್ಸಾದಾಗ ಬರುತ್ತಿತ್ತು. ಮೇಲಿನ ಊರಿನವರು ಉಂಡು ಕೈತೊಳೆದ ಮೇಲೆ ಉಳಿದದ್ದು ಕೊನೆಯವರಿಗೆ. ಗಂಡ ಚನ್ನವೀರನ ಹೊಲ ಆ ಕೊನೆಯವರಲ್ಲೂ ಕೊನೆಯದು. ಅವನು ಒಳ್ಳೆಯವನು, ಆದರೆ ಮಾತೆಂದರೆ ಕಿಸೆಯ ರೊಕ್ಕ ಖರ್ಚಾದಂತೆ ಆಡುವ ಮನುಷ್ಯ.

ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಖಡಕ್ ರೊಟ್ಟಿ ಬಡಿಯಲು ಶುರು ಮಾಡಿದಳು. ಸಿಂಧನೂರಿನ ಖಾನಾವಳಿಗಳಿಂದ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನವರೆಗೆ ಅವಳ ರೊಟ್ಟಿ ಮುರಿಯದ ಹಲ್ಲಿಲ್ಲ. ಮದುವೆಯಾದ ಹೊಸದರಲ್ಲಿ ಕಾದ ಹಂಚಿನ ಮೇಲೆ ಬಲಗೈಯ ನಡುಬೆರಳು ಸುಟ್ಟು, ತುದಿ ಸೊಟ್ಟಗಾಗಿ ಉಳಿದಿತ್ತು. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡರೆ ಹಣೆಯ ಮೇಲೆ ಎರಡು ಗೆರೆ ನೆಟ್ಟಗೆ, ನಡುವಿನದು ಅರ್ಧಕ್ಕೆ ತುಂಡು. ಬೆರಳಿಗೆ ಉಳಿದ ವಿಭೂತಿಯನ್ನು ಕೈಗೆ ಸಿಕ್ಕದ್ದಕ್ಕೆ ಒರೆಸಿಬಿಡುವುದು ಅವಳ ಚಾಳಿ. ಬಾಗಿಲ ಚೌಕಟ್ಟು, ಕಂಬ, ಹಿಟ್ಟಿನ ಡಬ್ಬಿ, ಒಮ್ಮೆ ಎಮ್ಮೆಯ ಕೋಡು.

"ಮೂರು ಬೆರಳು ಸೀರಿಗೆ ಒರೆಸ್ಕೋ ಅಂದ್ರ ಕೇಳಂಗಿಲ್ಲ," ಎಂದು ಚನ್ನವೀರ ಪ್ರತಿ ದೀಪಾವಳಿಗೆ ಚೌಕಟ್ಟಿಗೆ ಸುಣ್ಣ ಬಳಿಯುತ್ತಿದ್ದ. ಅವನು ವರ್ಷದಲ್ಲಿ ತಪ್ಪದೆ ಆಡುತ್ತಿದ್ದ ಒಂದೇ ಮಾತು ಅದು.

ರೊಟ್ಟಿ ಊರೂರಿಗೆ ಹೋಗುತ್ತಿದ್ದುದು ಸಿಂಧನೂರಿನ ಹುಸೇನ್‌ಸಾಬನ ಟಂಟಂ ಗಾಡಿಯಲ್ಲಿ. ಮೂರು ಗಾಲಿ, ಹಳೇ ಎಂಜಿನ್, ತಲೆಯ ಮೇಲೊಂದು ಮೈಕು. ಬುಟ್ಟಿಗಳ ಕೆಳಗೆ ಇರುತ್ತಿದ್ದ ಸಾಮಾನು ಯಾತಕ್ಕೆಂಬುದು ಮಾತ್ರ ಊರಿಗೆ ತಿಳಿಯದು. ಸಲಿಕೆ, ಹಾರೆ, ಕಸಬರಿಗೆ, ಸುಣ್ಣದ ಡಬ್ಬಿ, ಒಣ ಸಗಣಿ, ಎರಡು ಚೀಲ ಹೊಟ್ಟು. ಯಾರಾದರೂ ಕೇಳಿದರೆ ಎಮ್ಮೆಗೆ ಅನ್ನುತ್ತಿದ್ದಳು. ಎಮ್ಮೆ ಹಾರೆ ತಿನ್ನುತ್ತದೆಯೇ ಎಂದು ಯಾರೂ ಮರುಪ್ರಶ್ನೆ ಹಾಕಲಿಲ್ಲ.

ಈಗ ಅಸಲು ವಿಷಯಕ್ಕೆ ಬರೋಣ. ನಮ್ಮ ಸೀಮೆಯಲ್ಲಿ ಮಟಮಟ ಮಧ್ಯಾಹ್ನ ಬಯಲಿಗೆ ಹೋಗಬೇಡ ಎಂದು ಹಿರಿಯರು ಗದರುವುದು ಬರೀ ಬಿಸಿಲಿಗೆ ಹೆದರಿಯಲ್ಲ. ಮೊದಲು ಆ ಬಯಲಿನಲ್ಲಿ ಕಲ್ಲಿನವರು ಮಾತ್ರ ಇದ್ದರು. ಗುಂಡುಗಳ ಒಳಗೆ ಮಲಗಿ, ಯುಗಕ್ಕೊಮ್ಮೆ ಮಗ್ಗಲು ಬದಲಿಸುತ್ತ ಹಾಯಾಗಿದ್ದರು. ಆಮೇಲೆ ಕಾಲುವೆ ಬಂತು. ಹೊಳೆಯ ನೀರಿನ ಜೊತೆ ಹೊಳೆಯವರೂ ಬಂದರು. ಬಂದವರು ಇಲ್ಲಿತನಕ ನಮ್ಮದು ಅಂದರು, ಇದ್ದವರು ಕಾಲಿಟ್ಟು ನೋಡಿ ಅಂದರು. ಅಂದಿನಿಂದ ಇಬ್ಬರಿಗೂ ಒಡ್ಡಿನ ಜಗಳ. ನಮ್ಮವರದು ಕೋರ್ಟಿನಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ನಡೆಯುತ್ತದೆ, ಅವರದು ನಡುಮಧ್ಯಾಹ್ನ ಆ ಬಯಲಿನಲ್ಲಿ ನಡೆಯುತ್ತದೆ. ವ್ಯತ್ಯಾಸ ಅಷ್ಟೇ.

ಕಾದಾಟದ ನಡುವೆ ಸಿಕ್ಕ ಜೀವ ಉಳಿಯುವುದಿಲ್ಲ. ಒಂದು ಸಲ ಒಂದು ಕುರಿಹಿಂಡು ಹಾದಿ ತಪ್ಪಿ ಒಳಗೆ ಹೋಗಿತ್ತು. ಆಮೇಲೆ ನೋಡಿದರೆ ಒಂದು ಕುರಿಗೂ ಗಾಯವಿಲ್ಲ, ಯಾವುದರ ಮೈಯಲ್ಲೂ ಹನಿ ನೀರಿಲ್ಲ. ಒಣಗಿದ ಕುಳ್ಳಿನಂತೆ ಹಗುರಾಗಿ ಬಿದ್ದಿದ್ದವು. ಸಿಡಿಲು ಎಂದು ಊರಿಗೆ ಹೇಳಿ ಹೂಳಿದ್ದಾಯಿತು. ಕಾದಾಟದ ಗುರುತನ್ನು ಕೆಲವರು ಗುಟ್ಟಾಗಿ ಅಳಿಸುವುದು ಇದಕ್ಕಾಗಿಯೇ. ಜನಕ್ಕೆ ಗೊತ್ತಾದರೆ ನೋಡಲು ಬರುತ್ತಾರೆ, ನೋಡಲು ಬಂದವರು ಸಾಯುತ್ತಾರೆ.

ಅಳಿಸುವ ಕೆಲಸದ ಹಿರಿಯ ನರಸಣ್ಣ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ನಿವೃತ್ತನಾದವನು. ಈ ಕೆಲಸ ಅವನಿಗೆ ಅಪ್ಪನಿಂದ ಬಂತು, ಅಪ್ಪನಿಗೆ ಯಾರಿಂದ ಬಂತೋ ಅವನೂ ಕೇಳಿರಲಿಲ್ಲ. ಹುಸೇನ್‌ಸಾಬ್ ಅವನ ಗೆಳೆಯ. ವೀರಭದ್ರಮ್ಮ ಸೇರಿದ ಕಥೆ ಮಾತ್ರ ತಮಾಷೆಯದು.

ಹಲವು ವರ್ಷಗಳ ಹಿಂದೆ ಮಸ್ಕಿಯ ಬಸ್ಸು ಕೆಟ್ಟು ನಿಂತಿತ್ತು. ತಲೆಯ ಮೇಲೆ ರೊಟ್ಟಿ ಬುಟ್ಟಿ ಹೊತ್ತು ಬಯಲಿನ ಅಡ್ಡಹಾದಿ ಹಿಡಿದಿದ್ದಳು. ನೋಡಿದರೆ, ಹತ್ತಿ ಹೊಲದ ನಡುವೆ ತೊಡೆಗಾತ್ರದ ಹೊಳೆಮೀನುಗಳು ಒದ್ದಾಡುತ್ತಿವೆ. ಅವುಗಳ ಪಕ್ಕದಲ್ಲಿ ಮೀನಿನ ಮೈಮೇಲಿರುವಂಥ, ಆದರೆ ಮೊರದಷ್ಟು ಅಗಲದ ಒಂದೇ ಒಂದು ಹುರುಪೆ ಬಿಸಿಲಿಗೆ ಹೊಳೆಯುತ್ತಿದೆ. ಇಬ್ಬರು ಗಂಡಸರು ಕಂಗಾಲಾಗಿ ಕಸಬರಿಗೆ ಆಡಿಸುತ್ತಿದ್ದಾರೆ. ಬೇರೆ ಯಾರಾದರೂ ಬುಟ್ಟಿ ಬಿಸಾಕಿ ಓಡುತ್ತಿದ್ದರು. ಇವಳು ಬುಟ್ಟಿ ಇಳಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹಿಂಗ ಗುಡಿಸ್ತಾರೇನ್ರೀ? ಗಾಳಿಗಿ ಎದುರ ನಿಂತು ಗುಡಿಸಿದ್ರ ಕಸ ಎಲ್ಲಿಗಿ ಹೋಗತೈತಿ? ನಿಮ್ಮ ಬಾಯಾಗ!"

ನರಸಣ್ಣ ಗಾಬರಿಯಾಗಿ, "ಇಲ್ಲೇನೂ ಆಗಿಲ್ಲ ತಂಗೀ, ನೀ ಏನೂ ನೋಡಿಲ್ಲ," ಎಂದ.

"ನೋಡಿಲ್ಲ ಅಂದ್ರ ನೋಡಿಲ್ಲ. ಆ ಕಸಬರಿಗಿ ಈ ಕಡೆ ಕೊಡ್ರಿ ಮೊದಲ."

ಅವತ್ತು ಗಂಡಸರು ಊರಿಗೆ ಹೇಳಬೇಕೆಂದಿದ್ದುದು ಮೀನಿನ ಮಳೆ ಬಿತ್ತೆಂದು. ಅವಳು ಹಣೆ ಚಚ್ಚಿಕೊಂಡಳು. ಹಾಗೆ ಹೇಳಿದರೆ ಇಡೀ ತಾಲೂಕು ನೋಡಲು ಬರುತ್ತದೆ. ಮೀನಿನ ಲಾರಿ ಪಲ್ಟಿಯಾಯಿತು, ಡ್ರೈವರ್ ಕುಡಿದು ಓಡಿಹೋದ ಎಂದು ತಾನೇ ಹಬ್ಬಿಸಿದಳು. ಹುಟ್ಟದೇ ಇದ್ದ ಆ ಡ್ರೈವರನನ್ನು ಊರು ವಾರವಿಡೀ ಬೈಯಿತು, ಮೀನು ತಿನ್ನುವವರು ತಿಂದರು, ಅಲ್ಲಿಗೆ ಮುಗಿಯಿತು.

"ಮಂದಿಗಿ ಬಯ್ಯಾಕ ಒಬ್ಬಾತ ಸಿಕ್ಕರ ಸಾಕಣ್ಣ," ಎಂದಳು ನರಸಣ್ಣನಿಗೆ. "ಮುಂದ ಏನೂ ಕೇಳಂಗಿಲ್ಲ."

ಅಂದಿನಿಂದ ತಂಡದಲ್ಲಿ ಸುಳ್ಳಿನ ಖಾತೆ ಅವಳದಾಯಿತು. ಉರಿದ ತೊಗರಿಗೆ ಬೀಡಿ ಎಸೆದ ದಾರಿಹೋಕ, ಕುಸಿದ ಒಡ್ಡಿಗೆ ಕಾಡುಹಂದಿ, ಒಡೆದ ಗುಂಡಿಗೆ ಕದ್ದು ಕಲ್ಲು ಒಡೆಯುವವರು. ಈ ಕೆಲಸ ಅವಳಿಗೆ ಹುಚ್ಚು ಹಿಡಿಸಿತ್ತು. ರೊಟ್ಟಿ ಬಡಿಯುತ್ತಿರುವಾಗ ಹುಸೇನ್‌ಸಾಬನ ಮೈಕಿನ ದನಿ ಕೇಳಿದರೆ ಸಾಕು, ಹದಿನೆಂಟರ ಹುಡುಗಿಯಂತೆ ಎದ್ದು ಓಡುತ್ತಿದ್ದಳು. ಜಗತ್ತಿನ ಹೊಟ್ಟೆಯೊಳಗಿನ ಗುಟ್ಟು ತನಗೆ ಗೊತ್ತು, ಅದರ ಮೇಲೆ ತಾನು ಸಗಣಿ ಸಾರಿಸಿ ಬರುತ್ತೇನೆ ಎಂಬ ಖುಷಿ ಅವಳ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ.

ಆದರೆ ಒಂದು ಸುಳ್ಳನ್ನು ಹೇಳಲಾರೆ ಎಂದು ಮೊದಲೇ ಖಡಾಖಂಡಿತ ಹೇಳಿದ್ದಳು. ಅದು ನೀರಿನ ಸುಳ್ಳು. ಒಮ್ಮೆ ಯಾರೋ ಕಿಡಿಗೇಡಿ, ಕಾಲುವೆಗೆ ನೀರು ಬಂತೆಂದು ಪುಕಾರು ಹಬ್ಬಿಸಿದ್ದ. ಚನ್ನವೀರ ಸಲಿಕೆ ಹೊತ್ತು ಓಡಿ, ಒಣ ಕಾಲುವೆಯ ಏರಿಯಿಂದ ಜಾರಿಬಿದ್ದು ಕಾಲು ಉಳುಕಿಸಿಕೊಂಡ. ಅಷ್ಟಾದರೂ ಸಂಜೆಯವರೆಗೆ ಅಲ್ಲೇ ನಿಂತಿದ್ದ, ನೀರು ಹಿಂದೆ ಇರಬಹುದೆಂದು. ಮನೆಗೆ ಬಂದು ಉಣ್ಣಲಿಲ್ಲ. ಆ ಕುಂಟು ಇಂದಿಗೂ ಹೋಗಿಲ್ಲ. ಅವನ ಮುಖ ನೋಡಿದ ವೀರಭದ್ರಮ್ಮ, ಸತ್ತರೂ ಆ ಸುಳ್ಳು ನನ್ನ ಬಾಯಿಂದ ಬರಬಾರದು ಎಂದುಕೊಂಡಿದ್ದಳು.

ಹೀಗಿರುವಾಗ ಈಚಿನ ಒಂದು ಶ್ರಾವಣದಲ್ಲಿ, ಮೋಡ ಮೋಸ ಮಾಡಿ ಬಿಸಿಲು ಬೇಸಿಗೆಯಂತೆ ಸುಡುತ್ತಿದ್ದ ಒಂದು ಶುಕ್ರವಾರ, ಬಯಲಿನಲ್ಲಿ ದೊಡ್ಡ ಕಾದಾಟ ನಡೆಯಿತು. ಮುಗಿದ ಮೇಲೆ ಮೂವರೂ ಹೋಗಿ ನೋಡಿದರೆ, ಒಣ ಎರೆಮಣ್ಣಿನ ನಡುವೆ ಕಣದಷ್ಟು ಜಾಗ ಕೊಚ್ಚೆಯಾಗಿತ್ತು. ದನ ಮನೆಗೆ ತಿರುಗುವ ಹೊತ್ತಿಗೆ ಮುಗಿಸಬೇಕು. ಹುಸೇನ್‌ಸಾಬ್ ಹೊಟ್ಟು ಸುರಿದ, ನರಸಣ್ಣ ಬಿರುಕು ಮುಚ್ಚಿದ, ವೀರಭದ್ರಮ್ಮ ಕಸಬರಿಗೆಯ ತುದಿಯಿಂದ ಗಾಳಿ ಬೀಸಿದಂತೆಯೇ ಗೆರೆ ಎಳೆದಳು. ಒಂದು ಮಾತ್ರ ಉಳಿಯಿತು. ಕಲ್ಲಿನವರಲ್ಲಿ ಒಬ್ಬನ ಹೆಬ್ಬೆರಳು ಮುರಿದು ಬಿದ್ದಿತ್ತು. ನಮಗದು ಸೊಂಟದೆತ್ತರದ, ನುಣ್ಣಗಿನ ಗುಂಡುಕಲ್ಲು. ಹಾರೆಗೆ ಜಗ್ಗಲಿಲ್ಲ.

"ಇರ್ಲಿ ಬಿಡ್ರಿ. ಕಲ್ಲಿನ ಬಯಲಾಗ ಒಂದು ಕಲ್ಲು," ಎಂದ ನರಸಣ್ಣ. "ಸೋತ ಹೊಳಿಯೋರು ಮತ್ತ ಬರ್ತಾರ. ಆವಾಗ ಬೆರಳಿನ ಮಾಲೀಕ ಎದ್ದು ಒಯ್ಕೊಂತಾನ."

ಕೆಲಸ ಮುಗಿದ ಮೇಲೆ ಕೈಕಾಲು ಮುಖ ತೊಳೆದು ವಿಭೂತಿ ಹಚ್ಚಿಕೊಳ್ಳುವುದು ಅವಳ ಪದ್ಧತಿ. ಸೆರಗಿನ ಗಂಟಿನಿಂದ ಉಂಡೆ ತೆಗೆದಳು, ಹಣೆಗೆ ಎಳೆದುಕೊಂಡಳು, ಉಳಿದದ್ದನ್ನು ಕೈಗೆ ಸಿಕ್ಕದ್ದಕ್ಕೆ ಒರೆಸಿ ಟಂಟಂ ಹತ್ತಿದಳು. ಕೈಗೆ ಸಿಕ್ಕದ್ದು ಏನೆಂದು ಅವಳೂ ನೋಡಲಿಲ್ಲ, ಉಳಿದಿಬ್ಬರೂ ನೋಡಲಿಲ್ಲ.

ನೋಡಿದವನು ಸಂಗನಬಸವ. ಊರಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು, ಯಾವುದಕ್ಕಾದರೂ ಮುಂದಾಳಾಗಲು ಕಾಯುತ್ತಿದ್ದವನು. ಶನಿವಾರ ಬೆಳಿಗ್ಗೆ ಕಳೆದುಹೋದ ಎಮ್ಮೆ ಹುಡುಕುತ್ತ ಬಯಲಿಗೆ ಬಂದ. ಎದುರಿಗೆ ನಿನ್ನೆ ಮೊನ್ನೆ ಇಲ್ಲದ ನುಣ್ಣಗಿನ ಗುಂಡು, ಅದರ ನೆತ್ತಿಯ ಮೇಲೆ ಬೆಳ್ಳಗೆ ಮೂರು ಗೆರೆ! ಎಮ್ಮೆಯನ್ನು ಮರೆತು ಅಡ್ಡಬಿದ್ದ. ಎದ್ದವನೇ ಮೊಬೈಲು ತೆಗೆದ.

ಮಧ್ಯಾಹ್ನ ಲಿಂಗಸುಗೂರಿನ ಖಾನಾವಳಿಯಲ್ಲಿ ರೊಟ್ಟಿ ಎಣಿಸಿಕೊಡುತ್ತಿದ್ದ ವೀರಭದ್ರಮ್ಮನಿಗೆ ಯಜಮಾನ್ತಿ ರಹೀಮಾಬೀ ಫೋನು ತೋರಿಸಿದಳು.

"ನೋಡಕ್ಕಾ, ನಿಮ್ಮೂರಾಗ ದೇವ್ರು ಎದ್ದಾನಂತ. ಎಲ್ಲಾರ ಮೊಬೈಲಿನಾಗ ಇದೇ ಐತಿ."

ವೀರಭದ್ರಮ್ಮ ನೋಡಿದಳು. ಮೂರು ಗೆರೆಗಳಲ್ಲಿ ನಡುವಿನದು ಅರ್ಧಕ್ಕೆ ತುಂಡಾಗಿತ್ತು. ಜೀವಮಾನವಿಡೀ ಊರಿನ ಕಣ್ಣಿಗೆ ಮಣ್ಣೆರಚಿದವಳು ತಾನೇ ಊರಿಗೆ ಕರೆಯೋಲೆ ಬರೆದು ಬಂದಿದ್ದಳು!

ಭಾನುವಾರದ ಹೊತ್ತಿಗೆ ಕಲ್ಲಿನ ಮೇಲೆ ತಗಡಿನ ಚಪ್ಪರ ಎದ್ದಿತ್ತು. ಪಾಮನಕಲ್ಲೂರಿನಿಂದ ಭಜನೆಯವರು ಬಂದಿದ್ದರು. ಮರುದಿನ ಶ್ರಾವಣ ಸೋಮವಾರ, ಸೂರ್ಯ ನೆತ್ತಿಗೆ ಬಂದ ಗಳಿಗೆಗೆ ಮಹಾಮಂಗಳಾರತಿ ಎಂದು ಸಂಗನಬಸವ ಸಾರಿಬಿಟ್ಟ. ಬೇರೆ ಹೊತ್ತೇ ಸಿಗಲಿಲ್ಲವೇ ಆ ಪುಣ್ಯಾತ್ಮನಿಗೆ!

ಊರವರೆಲ್ಲ ಹೋದಂತೆ ಚನ್ನವೀರನೂ ಹೋಗಿ ನೋಡಿ ಬಂದ. "ಹೆಂಗೈತ್ರಿ?" ಎಂದು ಅವಳು ತಡೆಯಲಾರದೆ ಕೇಳಿದಳು.

"ಐತಿ," ಎಂದು ಅವನು ಎಮ್ಮೆಗೆ ಮೇವು ಹಾಕಲು ಹೋದ.

ಅವಳಿಗೆ ಇನ್ನು ತಡೆಯಲಾಗಲಿಲ್ಲ. ನೆಟ್ಟಗೆ ಸಂಗನಬಸವನ ಅಂಗಡಿಗೆ ಹೋಗಿ ನಿಜವನ್ನೇ ಹೇಳಿದಳು. "ಸಂಗನಬಸವ, ಆ ಗೆರಿ ನಂದಪಾ. ಇಭೂತಿ ಹಚ್ಕೊಂಡು ಬೆರಳು ಒರೆಸೀನಿ. ಅದು ದೇವ್ರಲ್ಲ. ನಾಳಿಗಿ ಮಂದೀನ ಕರೀಬ್ಯಾಡ."

ಸಂಗನಬಸವನ ಕಣ್ಣು ತುಂಬಿ ಬಂದವು. ಎದ್ದು ಅವಳ ಕಾಲು ಮುಟ್ಟಿದ. "ಎಂಥ ಪುಣ್ಯವಂತಿ ಬೇ ಯಕ್ಕಾ ನೀನು! ದೇವ್ರು ನಿನ್ನ ಕೈಲೇ ಬರಿಸ್ಕೊಂಡಾನ! ನಾಳಿ ಆರತಿ ಮುಂದ ನೀನೇ ನಿಂದ್ರಬೇಕು."

ನಿಜ ಹೇಳಿ ಕೆಟ್ಟಳು. ಈ ಕಸುಬಿನಲ್ಲಿ ಇಷ್ಟು ವರ್ಷ ಇದ್ದು ಅಷ್ಟೂ ತಿಳಿಯಬಾರದೇ ಎಂದು ದಾರಿಯುದ್ದಕ್ಕೂ ತನಗೆ ತಾನೇ ಬೈದುಕೊಂಡಳು. ನಾಳೆಯೊಂದು ದಿನ ಆ ಜಗಳಗಂಟರು ಬರದಿರಲಪ್ಪ ಎಂದು ಬೇಡಿಕೊಳ್ಳುವುದಷ್ಟೇ ಉಳಿಯಿತು.

ಸೋಮವಾರ ಬಯಲಿಗೆ ಜನವೋ ಜನ. ಟ್ರ್ಯಾಕ್ಟರ್, ಬೈಕು, ಕಡ್ಲಿ ಚುರುಮುರಿ ಅಂಗಡಿ, ಐಸ್‌ಕ್ಯಾಂಡಿ. ಒಂದು ಕಡೆ ಹುಗ್ಗಿಯ ಕಡಾಯಿ ಕುದಿಯುತ್ತಿತ್ತು, ಚನ್ನವೀರ ಅದಕ್ಕೆ ಕೊಡಗಳಲ್ಲಿ ನೀರು ಹೊರುತ್ತಿದ್ದ. ಮೂವರು ಅಳಿಸುವವರೂ ಒಂದು ಅಂಚಿನಲ್ಲಿ ಟಂಟಂ ನಿಲ್ಲಿಸಿಕೊಂಡು ಮುಗಿಲು ನೋಡುತ್ತಿದ್ದರು. ಮೋಡದ ಚೂರೂ ಇರಲಿಲ್ಲ.

ಆಗ ವೀರಭದ್ರಮ್ಮನ ಮೂಗಿಗೆ ಹಸಿಮಣ್ಣಿನ ವಾಸನೆ ಬಡಿಯಿತು.

ಮೊದಲ ಮಳೆ ಬಿದ್ದಾಗ ಬರುತ್ತದಲ್ಲ, ಅದೇ ಘಮ, ಸುಡುವ ಬಿಸಿಲಿನಲ್ಲಿ. ಅವರಿಗೆ ತಿಳಿದಿದ್ದ ಸೂಚನೆ ಅದೊಂದೇ. ಹೊಳೆಯವರು ಹೊರಟಿದ್ದರು. ನೆರಳು ಪಾದದ ಕೆಳಗೆ ಸೇರುವಷ್ಟರಲ್ಲಿ ಬಂದೇ ಬಿಡುತ್ತಾರೆ. ಅವಳು ನರಸಣ್ಣನ ಮುಖ ನೋಡಿದಳು, ಅವನೂ ಮೂಗು ಅರಳಿಸಿ ನಿಂತಿದ್ದ. ಚಪ್ಪರದ ಸುತ್ತ ಮಕ್ಕಳು ಓಡಾಡುತ್ತಿದ್ದವು. ಆ ಕುರಿಹಿಂಡು ಅವಳ ಕಣ್ಣಮುಂದೆ ಬಂತು.

ನರಸಣ್ಣ ಗಣಿಯ ಸೀಟಿ ಊದುತ್ತ, ಕೆಂಪು ಬಟ್ಟೆ ಬೀಸುತ್ತ ಜನರೊಳಗೆ ನುಗ್ಗಿದ. "ಸರೀರಿ! ಇಲ್ಲಿ ಕಲ್ಲು ಹಾರಿಸ್ತಾರ, ಮದ್ದು ಇಟ್ಟಾರ, ಸರೀರಿ!"

"ಇಡ್ಲಿ ಬಿಡು ಕಾಕಾ!" ಎಂದು ಯಾರೋ ಕೂಗಿದ. "ದೇವ್ರು ದೊಡ್ಡಾತೋ ಮದ್ದು ದೊಡ್ಡದೋ ನೋಡೇ ಬಿಡೋಣು!" ಜನ ಚಪ್ಪಾಳೆ ತಟ್ಟಿ ಇನ್ನೂ ಒತ್ತಾಗಿ ಕೂತರು.

ಹುಸೇನ್‌ಸಾಬ್ ಮೈಕು ಹಿಡಿದು ಮಸ್ಕಿಯಲ್ಲಿ ಪುಕ್ಕಟೆ ಸೀರೆ ಹಂಚುತ್ತಿದ್ದಾರೆ ಎಂದ. ನಾಲ್ಕು ಹೆಂಗಸರು ತಿರುಗಿ ನೋಡಿದರು, ಆರತಿ ಮುಗಿದ ಮೇಲೆ ಹೋದರಾಯಿತು ಎಂದು ಕೂತರು. ಅರ್ಚಕರು ಆರತಿಯ ತಟ್ಟೆಗೆ ಕರ್ಪೂರ ಹಾಕುತ್ತಿದ್ದರು. ಕಾಲ ಕೆಳಗಿನ ಮಣ್ಣು ಮೆಲ್ಲಗೆ ತಣ್ಣಗಾಗತೊಡಗಿತು.

"ಅಕ್ಕಾ, ಜಲ್ದಿ ಏನರ ಹೇಳು! ಟೈಮ್ ಇಲ್ಲ!" ಎಂದು ಹುಸೇನ್‌ಸಾಬ್ ಮೈಕು ಅವಳ ಕೈಗೆ ತುರುಕಿದ.

ಹೇಳಬಹುದಾದ ಮಾತು ಅವಳಿಗೆ ಗೊತ್ತಿತ್ತು. ಈ ಸೀಮೆಯಲ್ಲಿ ದೇವರ ಮುಂದಿನಿಂದ ಜನರನ್ನು ಎಬ್ಬಿಸುವ ಮಾತು ಒಂದೇ ಒಂದಿದೆ. ಅವಳು ಗಂಡನ ಕಡೆ ನೋಡಿದಳು. ಅವನು ಎರಡು ಕೊಡ ಹೊತ್ತು ಕುಂಟುತ್ತ ಬರುತ್ತಿದ್ದ. ಬೇರೆ ಯಾವ ಸುಳ್ಳಾದರೂ ಹೊಳೆಯಲಿ ಎಂದು ಒಂದು ಗಳಿಗೆ ಕಾದಳು, ಹೊಳೆಯಲಿಲ್ಲ.

"ಕಾಲುವಿಗೆ ನೀರು ಬಂದಾವ್ರೋ!" ಮೈಕು ಬಯಲಿಗೆಲ್ಲ ಕೇಳುವಂತೆ ಒದರಿತು. "ಬಳಗಾನೂರು ದಾಟಿ ಬರಾಕತ್ತಾವಂತ! ಮ್ಯಾಲಿನೋರು ತೂಬು ತಿರುಗಿಸೋದ್ರೊಳಗ ಓಡ್ರಿ ಯಪ್ಪಾ, ಓಡ್ರಿ!"

ಭಜನೆ ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದೊಮ್ಮೆ ಮೋಸ ಹೋದ ಊರು ಅದು, ಒಮ್ಮೆಗೇ ನಂಬಲಾರದು. ಎಲ್ಲರ ಕಣ್ಣೂ ತಾವೇ ತಾವಾಗಿ ಚನ್ನವೀರನ ಕಡೆ ತಿರುಗಿದವು. ಚನ್ನವೀರ ದೂರದಿಂದ ಹೆಂಡತಿಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ಕೊಡಗಳನ್ನು ಅಲ್ಲೇ ಬಿಟ್ಟ, ಪಕ್ಕದಲ್ಲಿ ಬಿದ್ದಿದ್ದ ಸಲಿಕೆ ಎತ್ತಿಕೊಂಡ, ಕಾಲುವೆಯ ಕಡೆಗೆ ಕುಂಟುಗಾಲಲ್ಲೇ ಓಟ ಕಿತ್ತ.

ಅವನು ಓಡಿದ್ದೇ ತಡ, ಬಯಲು ಕಿತ್ತು ಹೋಯಿತು! ಚಪ್ಪಲಿ ಬಿಟ್ಟವರು ಬಿಟ್ಟಲ್ಲೇ. ಟ್ರ್ಯಾಕ್ಟರ್‌ಗಳು ಗುಡುಗಿದವು, ಹೆಂಗಸರು ಕಚ್ಚೆ ಬಿಗಿದು ಕೂಸುಗಳನ್ನು ಬಗಲಿಗೆ ಏರಿಸಿ ಓಡಿದರು, ಭಜನೆಯವರು ತಾಳ ಹಿಡಿದೇ ಓಡಿದರು. ಅರ್ಚಕರಿಗೂ ಒಂದಿಷ್ಟು ಗದ್ದೆ ಇತ್ತು. ಆರತಿಯ ತಟ್ಟೆಯನ್ನು ಕಲ್ಲಿನ ಮುಂದಿಟ್ಟು, "ನೀನೇ ಬೆಳಗ್ಕೋ ತಂದೀ," ಎಂದು ಪಂಚೆ ಎತ್ತಿ ಹೊರಟರು. ಕೊನೆಗೆ ಸಂಗನಬಸವನೂ ತಗಡನ್ನು ಒಮ್ಮೆ, ಕಾಲುವೆಯನ್ನು ಒಮ್ಮೆ ನೋಡಿ, ಬೈಕು ಹತ್ತಿದ.

"ಗಾಡಿ ಕೆಳಗ ಹೊಗ್ರಿ!" ಎಂದ ನರಸಣ್ಣ. ಬಯಲಿನ ಅಂಚಿನಲ್ಲಿ, ಟಂಟಂನ ಕೆಳಗೆ ಮೂವರೂ ತೂರಿ ಕಂಬಳಿ ಎಳೆದುಕೊಂಡರು. ನೋಡಬಾರದು ಎಂಬುದು ನಿಯಮ. ಅಷ್ಟು ವರ್ಷ ಪಾಲಿಸಿದ ನಿಯಮವನ್ನು ವೀರಭದ್ರಮ್ಮ ಅವತ್ತು ಪಾಲಿಸಲಿಲ್ಲ. ಹೇಗಿದ್ದರೂ ಎಲ್ಲ ಕೆಟ್ಟೇ ಹೋಗಿದೆ ಎಂದು ಕಂಬಳಿಯ ಅಂಚು ಎತ್ತಿದಳು.

ಬಿಸಿಲು ನೀರಿನಂತೆ ಅಲುಗಿತು. ಆ ಅಲುಗಾಟದೊಳಗಿಂದ ಹೊಳೆಯವರು ಎದ್ದು ಬಂದರು, ಮನೆಯೆತ್ತರ, ಮೈತುಂಬ ಮೊರದಗಲದ ಹುರುಪೆ. ಎದುರಿಗೆ ಗುಂಡುಗಳು ಒಂದೊಂದಾಗಿ ಕಾಲೂರಿ ನಿಂತವು. ಇಬ್ಬರೂ ಡಿಕ್ಕಿ ಹೊಡೆದ ಏಟಿಗೆ ಟಂಟಂ ನೆಲದಿಂದ ಜಿಗಿದು ಕೂತಿತು. ಚಪ್ಪರದ ತಗಡು ಪಟಪಟ ಹಾರಿದವು, ಹುಗ್ಗಿಯ ಕಡಾಯಿ ಬುಗುರಿಯಂತೆ ತಿರುಗಿತು, ಬಿಟ್ಟುಹೋದ ಚಪ್ಪಲಿಗಳೆಲ್ಲ ಮೇಲೆದ್ದು ಮಳ್ಳು ಹಿಡಿದವರಂತೆ ಕುಣಿದವು. ಹುಸೇನ್‌ಸಾಬ್ ಕಣ್ಣು ಮುಚ್ಚಿ ಕಲಮಾ ಹೇಳುತ್ತಿದ್ದ. ವೀರಭದ್ರಮ್ಮನಿಗೆ ಹೆದರಿಕೆಯಾಯಿತೇ ಎಂದರೆ ಆಯಿತು, ಆದರೆ ಅದಕ್ಕಿಂತ ಹೆಚ್ಚು ಮೈ ಜುಂ ಅಂದಿತು. ಅಬ್ಬಾ, ಇಷ್ಟು ವರ್ಷ ನಾನು ಗುಡಿಸಿದ್ದು ಇವರ ಕಸವನ್ನೇ ಎಂದು ಹೆಮ್ಮೆಯಾಯಿತು.

ಕೊನೆಗೆ ಕಲ್ಲಿನವರಲ್ಲಿ ಎಲ್ಲರಿಗಿಂತ ದೊಡ್ಡವನು ಬಗ್ಗಿದ. ಆರತಿಯ ತಟ್ಟೆಯನ್ನು ಹುಷಾರಾಗಿ ಪಕ್ಕಕ್ಕೆ ಸರಿಸಿದ. ತನ್ನ ಹೆಬ್ಬೆರಳನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಅದರ ಮೇಲಿನ ಮೂರು ಗೆರೆ ಅವನಿಗೆ ಏನೆನ್ನಿಸಿತೋ, ಹೋಗಲಿ ಬಿಡು ಎಂಬಂತೆ ಕೈಬೀಸಿ ಎರಡು ಹೆಜ್ಜೆ ಹಿಂದೆ ಸರಿದ. ಅವನು ಸರಿದಲ್ಲಿಗೆ ಉಳಿದ ಗುಂಡುಗಳೂ ಸರಿದವು. ಆ ಎರಡು ಹೆಜ್ಜೆ ಜಾಗ ಹೊಳೆಯವರದಾಯಿತು. ಬಿಸಿಲು ಮತ್ತೆ ಬಿಸಿಲಾಯಿತು.

ಅವಳಿಗೆ ಗುಡಿಸಲು ಪುರುಸೊತ್ತಿರಲಿಲ್ಲ. ಉಳಿದಿಬ್ಬರನ್ನು ಕೆಲಸಕ್ಕೆ ಬಿಟ್ಟು ವೀರಭದ್ರಮ್ಮ ಕಾಲುವೆಯ ಕಡೆ ನಡೆದಳು. ಒಣ ಕಾಲುವೆಯ ಮುಂದೆ ಸಲಿಕೆ ಊರಿ ನಿಂತ ಗಂಡ, ಅವನ ಆ ಮುಖ. ಮತ್ತೊಮ್ಮೆ ಅದನ್ನು ನೋಡಬೇಕು, ಈ ಸಲ ಮಾಡಿದವಳು ತಾನೇ. ಬಡಿದರೆ ಬಡಿಸಿಕೊಳ್ಳುತ್ತೇನೆ, ಉಣ್ಣದೆ ಮಾತ್ರ ಮಲಗದಿರಲಿ ಎಂದುಕೊಳ್ಳುತ್ತ ಏರಿ ಹತ್ತಿದಳು.

ಕಾಲುವೆಯ ತುಂಬ ಕೆಂಪು ನೀರು ಹೊಡೆದುಕೊಂಡು ಬರುತ್ತಿತ್ತು!

ಜನ ನೀರಿನಲ್ಲಿ ಬಿದ್ದು ಹೊರಳಾಡುತ್ತಿದ್ದರು. ಚನ್ನವೀರ ತನ್ನ ಹೊಲದ ಬಾಯಿಗೆ ಮಣ್ಣು ಕಡಿಯುತ್ತಿದ್ದ, ಮೊಣಕಾಲುದ್ದ ನೀರಲ್ಲಿ. ಮೇಲಿನ ತೂಬು ಯಾರು ತೆಗೆದರೆಂದು ಕಾಲುವೆ ಕಾಯುವ ಗ್ಯಾಂಗ್‌ಮನ್ನಿಗೂ ತಿಳಿದಿರಲಿಲ್ಲ. ಕಲ್ಲಿನವನು ಬಿಟ್ಟುಕೊಟ್ಟ ಎರಡು ಹೆಜ್ಜೆ ನೆನೆದು ಅವಳು ಏರಿಯ ಮೇಲೆ ಕುಸಿದು ಕೂತು ಅತ್ತಳು, ನಕ್ಕಳು, ಮತ್ತೆ ಅತ್ತಳು.

ಆದರೆ ಅಷ್ಟಕ್ಕೇ ಮುಗಿದಿದ್ದರೆ ಅವಳ ಬಾಳು ಎಷ್ಟು ಸಲೀಸು. ಸಂಜೆ ಜನ ಬಯಲಿಗೆ ಮರಳಿದರೆ ಕಲ್ಲಿಲ್ಲ, ಆರತಿಯ ತಟ್ಟೆ ಮಾತ್ರ ಚೊಕ್ಕಟವಾಗಿ ಕೂತಿದೆ. ಸಂಗನಬಸವ ತಲೆಯ ಮೇಲೆ ಕೈಯಿಟ್ಟು ಯೋಚಿಸಿದ. ಕಲ್ಲಿಗೆ ಗೆರೆ ಬರೆದದ್ದು ವೀರಭದ್ರಕ್ಕನ ಕೈ. ನೀರು ತಂದದ್ದು ವೀರಭದ್ರಕ್ಕನ ಬಾಯಿ. ಹಾಗಾದರೆ ದೇವರು ಎಲ್ಲಿಗೆ ಹೋದ? ಅರ್ಧ ಗಂಟೆಯಲ್ಲಿ ಡೊಳ್ಳು, ಹಾರ, ತೆಂಗಿನಕಾಯಿ ಸಮೇತ ಇಡೀ ಊರು ಅವಳ ಮನೆಯ ಮುಂದೆ ಬಂದು ನಿಂತಿತು.

ನರಸಣ್ಣ ದೂರದಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ. ಅವನು ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಊರು ಕೈಮುಗಿಯುವ ಹೆಂಗಸಿನ ಹಿಂದೆ ಹಗಲೂ ಇರುಳೂ ಊರು ತಿರುಗುತ್ತದೆ. ಬಯಲಿಗೂ ಬರುತ್ತದೆ. ಇನ್ನು ಅಳಿಸಬೇಕಾದ ಗುರುತು ಅವಳೇ. ಒಂದು ಗಳಿಗೆ ಮಾಲೆಗಳ ವಾಸನೆ ಅವಳಿಗೂ ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು. ಆದರೆ ರೊಟ್ಟಿ ಬಡಿಯುವಾಗ ಕೇಳುವ ಮೈಕಿನ ದನಿ ನೆನಪಾಯಿತು. ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಏನ್ ಹುಚ್ಚು ಮಂದೀರೋ! ನೀರು ಬರ್ತಾವಂತ ಗ್ಯಾಂಗ್‌ಮನ್ ಕಡಿಂದ ನನಗ ಮುಂಜೇಲೆನ ಫೋನ್ ಬಂದಿತ್ತು. ಮೊದಲು ನಮ್ಮ ಹೊಲ ಉಣ್ಲಿ, ಆಮ್ಯಾಲೆ ಊರು ಅಂತ ಬಾಯಿ ಮುಚ್ಕೊಂಡು ಕುಂತಿದ್ದೆ. ಕಡೀಗಿ ಜೀವ ತಡೀಲಿಲ್ಲ, ಹೇಳಿದೆ. ಇದರಾಗ ದೇವ್ರೆಲ್ಲಿ ಬಂದ?"

ಡೊಳ್ಳು ನಿಂತಿತು.

"ಮುಂಜೇಲೆಯಿಂದ ಗೊತ್ತಿತ್ತಾ?" ಎಂದಳೊಬ್ಬಳು.

ಅಷ್ಟೇ ಸಾಕಾಯಿತು. ಆಸೆಬುರುಕಿ, ಊರು ಹಾಳುಮಾಡಾಕಿ, ರೊಟ್ಟಿ ಮಾರಿ ಮಾರಿ ಕರುಳೂ ಒಣಗೈತಿ ಎಂದು ಒಬ್ಬರ ಮೇಲೊಬ್ಬರು ಬೈದರು. ಸಂಗನಬಸವ ಹಾರವನ್ನು ಎಮ್ಮೆಗೆ ಹಾಕಿ, ಹಾರಿಹೋದ ತಗಡಿನ ಲೆಕ್ಕ ಕೇಳುತ್ತ ಹೋದ. ಗ್ಯಾಂಗ್‌ಮನ್ ತಾನು ಫೋನು ಮಾಡಿಲ್ಲವೆಂದು ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಕಲ್ಲು ಏನಾಯಿತು ಎಂದು ಕೇಳುವ ನೆನಪೂ ಯಾರಿಗೂ ಉಳಿಯಲಿಲ್ಲ. ನರಸಣ್ಣ ರುಮಾಲಿನೊಳಗೆ ನಗುತ್ತ ಸರಿದುಹೋದ. ಮುಂದೆ ಒಂದು ತಿಂಗಳು ಊರಲ್ಲಿ ಯಾರೂ ಅವಳ ರೊಟ್ಟಿ ಮುಟ್ಟಲಿಲ್ಲ. ಅವಳಿಗೆ ಅದು ನೋಯಲಿಲ್ಲ ಎಂದರೆ ನಂಬಬೇಡಿ, ನೋಯಿತು.

ಎಲ್ಲರೂ ಹೋದ ಮೇಲೆ ಚನ್ನವೀರ ಮನೆಗೆ ಬಂದ. ಕೆಸರು ಕಾಲಲ್ಲೇ ಕೂತು, ಹೊಟ್ಟೆ ತುಂಬ ಉಂಡ. ಅವಳು ಮುಖ ತೊಳೆದು, ಹಣೆಗೆ ವಿಭೂತಿ ಎಳೆದುಕೊಂಡು, ಅವನ ಮುಖ ನೋಡಲಾರದೆ ಬಾಗಿಲಲ್ಲಿ ನಿಂತಿದ್ದಳು.

"ಮುಂಜೇಲೆ ನಿನಗ ಗೊತ್ತಿದ್ರ ಮೊದಲ ನನಗ ಹೇಳ್ತಿದ್ದಿ," ಎಂದ ಚನ್ನವೀರ. "ನೀ ನೀರಿನ ಸುಳ್ಳು ಹೇಳಾಕಿ ಅಲ್ಲ. ಹೇಳಿದಿ ಅಂದ್ರ ಮಂದಿ ಜೀವದ ಮಾತಿರಬೇಕು. ಅದಕ್ಕ ನಾನ ಮೊದಲ ಓಡಿದೆ."

ಅವಳ ಬಲಗೈ ತನ್ನ ಪಾಡಿಗೆ ತಾನು ಚೌಕಟ್ಟಿನ ಕಡೆ ಹೊರಟಿತ್ತು.

"ಎಷ್ಟ್ ಸಲ ಹೇಳೀನಿ ನಿನಗ," ಎಂದ ಅವನು, ತಲೆ ಎತ್ತದೆ. "ಮೂರು ಬೆರಳು ಸೀರಿಗೆ ಒರೆಸ್ಕೋ. ಚೌಕಟ್ಟಿಗಾದ್ರ ನಾ ಸುಣ್ಣ ಹಚ್ತೀನಿ. ಬಯಲಾಗಿನ ಕಲ್ಲಿಗಿ ಯಾರು ಹಚ್ಬೇಕು?"

ವೀರಭದ್ರಮ್ಮನ ಕೈ ಅರ್ಧಕ್ಕೇ ನಿಂತಿತು. ಚೌಕಟ್ಟಿಗೂ ಒರೆಸಲಿಲ್ಲ, ಸೀರೆಗೂ ಒರೆಸಲಿಲ್ಲ. ಅವನ ಹತ್ತಿರ ಬಂದು ಕೂತು, ಹೆಗಲ ಮೇಲಿನ ಒದ್ದೆ ಟವೆಲ್ಲಿಗೆ ಮೂರೂ ಬೆರಳು ಒರೆಸಿದಳು.